ತೊಳೆದ ಕಲ್ಲು

ಮ್ಯೂಸಿಯಮ್ಮಿನ ಕೆಳಮಹಡಿಯಲ್ಲಿ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಕಲ್ಲುಗಳ ಕೋಣೆ ಇದೆ. ಜನ ಅಲ್ಲಿಗೆ ಬರುವುದೇ ದಾರಿ ತಪ್ಪಿ. ಮೇಲೆ ಹಳೇ ನಾಣ್ಯ, ಕತ್ತಿ, ರಾಣಿಯರ ಕನ್ನಡಿ ಎಲ್ಲ ಇರುವಾಗ ಕಲ್ಲು ನೋಡುವ ಗ್ರಹಚಾರ ಯಾರಿಗೆ ಬಂದಿದೆ ಹೇಳಿ. ಆದರೆ ದಾರಿ ತಪ್ಪಿ ಒಳಗೆ ಬಂದವರು ಅಷ್ಟು ಸುಲಭಕ್ಕೆ ಹೊರಗೆ ಹೋಗುತ್ತಿರಲಿಲ್ಲ. ಅದಕ್ಕೆ ಕಾರಣ ಕಲ್ಲುಮಾಮ.

ಕಲ್ಲುಮಾಮ ಅಂದರೆ ಆ ಕೋಣೆಯ ಅಟೆಂಡರು. ಬಾಗಿಲು ತೆಗೆಯುವುದು, ದೂಳು ಒರೆಸುವುದು, ಮಕ್ಕಳು ಕಿಟಕಿಗೆ ಮೂಗು ಒತ್ತಿದ ಗುರುತು ಅಳಿಸುವುದು, ಇಷ್ಟೇ ಅವನ ಕೆಲಸ. ಅದಕ್ಕೂ ಮೊದಲು ಅವನು ಬಸ್ ಕಂಡಕ್ಟರ್ ಆಗಿದ್ದ. ನಿಂತು ನಿಂತು ಮೊಣಕಾಲು ಕೈಕೊಟ್ಟಿತು, ಯಾರೋ ಪುಣ್ಯಾತ್ಮರು ಇಲ್ಲಿ ಕೆಲಸ ಕೊಡಿಸಿದರು. ಕಲ್ಲಿನ ವಿಷಯ ಹೇಳಿಕೊಡುತ್ತಿದ್ದ ಹಳೇ ಮೇಷ್ಟರು ನಿವೃತ್ತರಾದಾಗ ಆ ಜಾಗಕ್ಕೆ ಯಾರೂ ಬರಲಿಲ್ಲ. ಮೇಷ್ಟರು ಹೇಳಿದ್ದನ್ನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಕೇಳಿ ಕೇಳಿ ಇವನಿಗೆ ಬಾಯಿಪಾಠ ಆಗಿತ್ತು. ಬಾಯಿ ಅಂತೂ ಕಂಡಕ್ಟರನದು. ಇನ್ನೇನು ಬೇಕು?

ಅವನು ಕಲ್ಲು ತೋರಿಸುತ್ತಿದ್ದದ್ದೇ ಬಸ್ಸು ಹೊರಡಿಸಿದ ಹಾಗೆ. “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ” ಎಂದು ಶುರು ಮಾಡಿದರೆ ಸ್ಕೂಲು ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತ ಮೊದಲ ಕಪಾಟಿನ ಮುಂದೆ ನಿಲ್ಲುತ್ತಿದ್ದರು. ಮೊದಲನೇ ಸ್ಟಾಪು, ಬೆಂಕಿ. ಭೂಮಿಯ ಹೊಟ್ಟೆಯೊಳಗೆ ಪಾಯಸದ ಹಾಗೆ ಕುದಿಯುತ್ತಿದ್ದ ಬಂಡೆ ಒಳಗೇ ಕೂತು ಮೆಲ್ಲಗೆ ಆರಿದರೆ ಈ ಗ್ರಾನೈಟು, ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಕ್ಕಿದೆ, ಅದಕ್ಕೇ ದಪ್ಪ ದಪ್ಪ ಕಾಣುತ್ತವೆ. ತಡೆಯಲಾರದೆ ಹೊರಗೆ ಹಾರಿ ಗಾಳಿಗೆ ತಟ್ಟನೆ ಆರಿದರೆ ಈ ಕರಿಕಲ್ಲು, ಹರಳು ಕಣ್ಣಿಗೇ ಬೀಳುವುದಿಲ್ಲ. ನೊರೆ ಇರುವಾಗಲೇ ಗಟ್ಟಿಯಾದವನು ಇವನು, ನೀರಿಗೆ ಹಾಕಿದರೆ ತೇಲುತ್ತಾನೆ, ಕಲ್ಲುಗಳ ಮನೆತನಕ್ಕೇ ಅವಮಾನ. ಎರಡನೇ ಸ್ಟಾಪು, ನೀರು. ನದಿ ತಂದು ಸುರಿದ ಮರಳು, ಕೆಸರು, ಸಮುದ್ರದ ತಳಕ್ಕೆ ಬಿದ್ದ ಚಿಪ್ಪು, ಒಂದರ ಮೇಲೊಂದು ಕೂತು, ಮೇಲಿನವರ ಭಾರಕ್ಕೆ ಕೆಳಗಿನವರು ಒತ್ತಿಕೊಂಡು ಕಲ್ಲಾದವು. ಮೂರನೇ ಸ್ಟಾಪು, ವೇಷ. ಚಿಪ್ಪಿನಿಂದಾದ ಸುಣ್ಣದಕಲ್ಲು ಇನ್ನೂ ಆಳಕ್ಕೆ ಹೋಗಿ, ಕರಗದೆಯೇ ಬೆಂದು ಹಿಂಡಿಸಿಕೊಂಡರೆ ಅಮೃತಶಿಲೆ. ಕೆಸರಿನ ಕಲ್ಲಿಗೆ ಅದೇ ಗತಿಯಾದರೆ ಸ್ಲೇಟು. ಗ್ರಾನೈಟಿನಂಥ ಗ್ರಾನೈಟೂ ಒತ್ತಡ ತಡೆಯದೆ ಪಟ್ಟೆ ಪಟ್ಟೆ ಆಗುತ್ತದೆ. ಆಮೇಲೆ ಎಲ್ಲರನ್ನೂ ಮಳೆ ಬಿಸಿಲು ಸವೆಸಿ ಮತ್ತೆ ಮರಳು ಮಾಡಿ ಎರಡನೇ ಸ್ಟಾಪಿಗೆ ತಂದು ಬಿಡುತ್ತದೆ.

“ಈ ಬಸ್ಸಿಗೆ ಕೊನೇ ಸ್ಟಾಪಿಲ್ಲ” ಎಂದು ಅವನು ಮುಗಿಸುತ್ತಿದ್ದ. “ಇಳಿದವರು ಬೇರೆ ವೇಷ ಹಾಕ್ಕೊಂಡು ಮತ್ತೆ ಹತ್ತುತಾರೆ. ಯಾರೂ ಕಳೆದುಹೋಗಲ್ಲ.”

ಆದರೆ ಮಕ್ಕಳು ಕಾಯುತ್ತಿದ್ದದ್ದು ಕಲ್ಲುಪ್ಪಿಗೆ. ಎರಡನೇ ಕಪಾಟಿನ ಕೊನೆಯಲ್ಲಿ ಬೂದು ಕೆಂಪು ಬಣ್ಣದ, ತೆಂಗಿನಕಾಯಿ ಗಾತ್ರದ ಒಂದು ಉಂಡೆ. ಒಣಗಿಹೋದ ಒಂದು ಸಮುದ್ರ ತನ್ನ ಉಪ್ಪನ್ನೆಲ್ಲ ಬಿಟ್ಟುಹೋಗಿ, ಅದರ ಮೇಲೆ ಮಣ್ಣು ಬಿದ್ದು, ಯುಗಯುಗ ಹೂತುಕೊಂಡು ಕಲ್ಲಾದದ್ದು ಅದು. ಗಣಿಯ ಕೆಲಸಗಾರನೊಬ್ಬ ಕೆಲಸ ಬಿಡುವಾಗ ಅದನ್ನು ತಂದುಕೊಟ್ಟು, ಒಂದೇ ಒಂದು ಮಾತು ಹೇಳಿದ್ದನಂತೆ, ಗಾಜಿನೊಳಗೆ ಇಡಬೇಡಿ, ಮಕ್ಕಳು ರುಚಿ ನೋಡಲಿ ಎಂದು. ಹಾಗಾಗಿ ಪ್ರತಿ ಮಗುವೂ ನೀರಿನಲ್ಲಿ ಬೆರಳು ಅದ್ದಿ, ಕಲ್ಲಿಗೆ ಉಜ್ಜಿ, ನಾಲಿಗೆಗೆ ಇಟ್ಟು ಮುಖ ಹುಳ್ಳಗೆ ಮಾಡುವುದು ಆ ಕೋಣೆಯ ಪದ್ಧತಿಯಾಗಿತ್ತು. ಸಮುದ್ರ ನೆಕ್ಕಿದ್ದೀರಿ, ಟಿಕೆಟ್ ವಸೂಲಾಯ್ತು ಎಂದು ಮಾಮ ಹೇಳುತ್ತಿದ್ದ.

ಇಂಥ ಮಾಮ ಆ ಕಲ್ಲನ್ನು ಏನು ಮಾಡಿದ ಗೊತ್ತಾ? ತೊಳೆದ.

ಆಗಿದ್ದು ಹೀಗೆ. ರಜೆಗೆ ಮುಂಚೆ ಪೇಂಟರುಗಳು ಬಂದು ಚಾವಣಿಗೆ ಸುಣ್ಣ ಹೊಡೆದುಹೋಗಿದ್ದರು. ಬಟ್ಟೆ ಹೊದಿಸಿದ್ದರೂ ಕಲ್ಲುಗಳ ಮೇಲೆಲ್ಲ ಬಿಳಿ ಚುಕ್ಕಿ ಬಿದ್ದಿದ್ದವು. ಮಾಮ ದೊಡ್ಡ ತೊಟ್ಟಿಗೆ ನೀರು ತುಂಬಿ, ಸೋಪಿನಪುಡಿ ಹಾಕಿ, ಕಪಾಟಿನಿಂದ ಕಲ್ಲುಗಳನ್ನು ಮಗು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ತಂದು ಒಂದೊಂದಾಗಿ ಮುಳುಗಿಸಿದ. ಉಪ್ಪಿನ ಉಂಡೆಯನ್ನೂ ಮುಳುಗಿಸಿದ. ಸಾವಿರ ಸಲ ಬಾಯಿ ಹೇಳಿದ್ದು ಕೈಗೆ ಗೊತ್ತಿರಲಿಲ್ಲ. ಕೈಗೆ ಅದೂ ಒಂದು ಭಾರದ ಕಲ್ಲು, ಸುಣ್ಣ ಅಂಟಿದ ಕಲ್ಲು, ಅಷ್ಟೆ. ನೆನೆಯಲಿ ಎಂದು ಬಿಟ್ಟು ಬೀಗ ಹಾಕಿ ಮನೆಗೆ ಹೋದ. ರಜೆಯೆಲ್ಲ ಕಲ್ಲುಗಳು ನೆನೆದವು.

ರಜೆ ಮುಗಿಸಿ ಬಂದು ಕಲ್ಲುಗಳನ್ನು ಹೊರತೆಗೆದು, ಬೇರೆ ನೀರಲ್ಲಿ ಜಾಲಿಸಿ ಒರೆಸಿಟ್ಟ. ತೊಟ್ಟಿಯ ನೀರನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಸುರಿದ. ಹಾಡು ಗುನುಗುತ್ತ ಕಲ್ಲುಗಳನ್ನೆಲ್ಲ ಅವುಗಳ ಜಾಗದಲ್ಲಿ ಕೂರಿಸಿದ. ಎರಡನೇ ಕಪಾಟಿನ ಕೊನೆಯ ಜಾಗ ಖಾಲಿ ಉಳಿಯಿತು. ಹುಡುಕಿದ. ತೊಟ್ಟಿಯ ತಳದಲ್ಲಿ ಒಂದು ಹಿಡಿ ಕೆಂಪು ಜೇಡಿ ಬಿಟ್ಟರೆ ಏನೂ ಇರಲಿಲ್ಲ. ಆಗ ಅವನಿಗೆ ಹೊಳೆಯಿತು. ಹಿಂಬಾಗಿಲಿಗೆ ಓಡಿ, ಒದ್ದೆ ಮೆಟ್ಟಿಲಿಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡ. ಆ ಹೊತ್ತಿನಲ್ಲಿ ಯಾರಾದರೂ ನೋಡಿದ್ದರೆ, ಮಾಮನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಮೆಟ್ಟಿಲು ಉಪ್ಪುಪ್ಪಾಗಿತ್ತು.

ನೇರವಾಗಿ ಮೇಲೆ ಹೋಗಿ ಮೇಡಂಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ ಅಂದರೆ ಮ್ಯೂಸಿಯಮ್ಮಿನ ಮುಖ್ಯಸ್ಥೆ, ನಾಣ್ಯಗಳ ಪಂಡಿತೆ, ಬೈದರೂ ಮರೆತುಬಿಡುವ ಹೆಂಗಸು. ಮಾಮ ಅರ್ಧ ಮೆಟ್ಟಿಲು ಹತ್ತಿಯೂ ಹತ್ತಿದ. ಆದರೆ ಬೈಗುಳಕ್ಕಿಂತ ನಗುವಿಗೆ ಹೆದರಿದ. ಕಲ್ಲುಮಾಮ ಉಪ್ಪು ತೊಳೆದನಂತೆ! ಆ ಮಾತು ಕಾವಲುಗಾರರ ಬಾಯಿಗೆ ಬಿದ್ದರೆ ಸಾಯುವವರೆಗೆ ಬಿಡುವುದಿಲ್ಲ. ಕೆಳಗಿಳಿದು ಬಂದ. ಕಟ್ಟಡದ ಪಕ್ಕದ ಹೂವಿನ ಪಾತಿಯ ಅಂಚಿಗೆ ಜೋಡಿಸಿದ್ದ ಬೆಣಚುಕಲ್ಲುಗಳಲ್ಲಿ ಸ್ವಲ್ಪ ಕೆಂಪಗಿದ್ದ ಒಂದನ್ನು ಕಿತ್ತು, ಒರೆಸಿ, ಆ ಜಾಗದಲ್ಲಿ ಕೂರಿಸಿದ. ಯಾರೂ ಮುಟ್ಟಬಾರದೆಂದು ಮೇಲೊಂದು ಗಾಜಿನ ಡಬ್ಬಿ ಕವುಚಿದ.

ಒಂದು ಸುಳ್ಳು ಒಂಟಿಯಾಗಿ ಇರುವುದಿಲ್ಲ ನೋಡಿ, ಅದಕ್ಕೆ ಸಂಸಾರ ಬೇಕು. ರುಚಿ ನೋಡಲು ಯಾಕೆ ಬಿಡುವುದಿಲ್ಲ ಎಂದು ಮಕ್ಕಳು ಕೇಳಿದರು, ಈಗ ಹಾಗೆಲ್ಲ ನೆಕ್ಕಬಾರದು, ಆರೋಗ್ಯದ ರೂಲ್ಸು ಎಂದ. ಅದು ಮೇಡಂ ಕಿವಿಗೆ ಬಿತ್ತು. ಅವರು ಮೀಟಿಂಗಿನಲ್ಲಿ ಅವನನ್ನು ನಿಲ್ಲಿಸಿ, ಯಾರೂ ಹೇಳದೆ ಶುಚಿತ್ವದ ಬಗ್ಗೆ ಯೋಚಿಸಿದ ಒಬ್ಬನೇ ಸಿಬ್ಬಂದಿ ಎಂದು ಹೊಗಳಿ ಚಪ್ಪಾಳೆ ಹೊಡೆಸಿದರು. ಚಪ್ಪಾಳೆ ಮುಗಿಯುವವರೆಗೆ ಮಾಮ ತನ್ನ ಚಪ್ಪಲಿಯ ಉಂಗುಷ್ಟ ನೋಡುತ್ತ ನಿಂತಿದ್ದ. ನೆಲ ಬಾಯಿಬಿಟ್ಟಿದ್ದರೆ ಖುಷಿಯಿಂದ ಒಳಗೆ ಹೋಗುತ್ತಿದ್ದ. ನಾಚಿಕೆ ಸ್ವಭಾವ ಪಾಪ ಎಂದುಕೊಂಡರು ಎಲ್ಲರೂ. ಮೇಲಿನ ಕಾವಲುಗಾರ ಮಾತ್ರ, ಕಲ್ಲಿಗೆ ಗಾಜಿನ ಬಂಗಲೆ, ನಮಗೆ ಮುರುಕು ಸ್ಟೂಲು ಎಂದು ಚುಚ್ಚಿದ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಉಪ್ಪಿನ ಡಬ್ಬಿ ಮುಂದೆ ತಳ್ಳಿದರೆ ಅವನ ಕೈ ಹಿಂದೆ ಸರಿಯುತ್ತಿತ್ತು.

“ಏನ್ರೀ ಇದು, ಉಪ್ಪು ಕಂಡ್ರೆ ಪೊಲೀಸ್ ಕಂಡಂಗೆ ಆಡ್ತೀರ?” ಎಂದಳು ಅವಳು ಒಂದು ದಿನ.

ಬಿಪಿ ಇರಬಹುದು ಎಂದ ಮಾಮ. ಮಾರನೇ ದಿನದಿಂದ ಅವಳು ಅವನಿಗೆ ಸಪ್ಪೆ ಅಡುಗೆ ಬೇರೆ ಮಾಡತೊಡಗಿದಳು. ಅವನು ತುಟಿ ಪಿಟಕ್ಕೆನ್ನದೆ ತಿಂದ.

ಎಲ್ಲಕ್ಕಿಂತ ಕಾಟ ಕೊಟ್ಟದ್ದು ಹಿಂಬಾಗಿಲ ಮೆಟ್ಟಿಲು. ಅದು ಮರಳುಗಲ್ಲಿನ ಮೆಟ್ಟಿಲು, ಮೇಲೆ ಸಜ್ಜಾ ಇದ್ದದ್ದರಿಂದ ಮಳೆ ಬೀಳುತ್ತಿರಲಿಲ್ಲ. ನೆಲದ ತೇವ ಮೇಲೇರಿ ಗಾಳಿಗೆ ಒಣಗಿದಾಗಲೆಲ್ಲ ಮೆಟ್ಟಿಲ ಮೈಮೇಲೆ ಬಿಳಿ ಬೂಷ್ಟಿನ ಹಾಗೆ ಉಪ್ಪು ಏಳುತ್ತಿತ್ತು. ಮಾಮ ಗುಡಿಸುತ್ತಿದ್ದ. ಎರಡು ದಿನ ಬಿಟ್ಟು ಮತ್ತೆ ಏಳುತ್ತಿತ್ತು. ಅಷ್ಟೇ ಅಲ್ಲ, ಕಲ್ಲಿನ ಸಂದಿಯೊಳಗೆ ಕೂತ ಉಪ್ಪು ಹರಳುಗಟ್ಟಿ ಉಬ್ಬಿ, ಕಲ್ಲನ್ನು ಒಳಗಿನಿಂದಲೇ ನೂಕುತ್ತಿತ್ತು. ಮೆಟ್ಟಿಲಿನ ಅಂಚು ರವೆ ರವೆಯಾಗಿ ಉದುರತೊಡಗಿತು. ಯಾರೂ ಕಳೆದುಹೋಗಲ್ಲ ಎಂದು ಒಳಗೆ ಮಕ್ಕಳಿಗೆ ಹೇಳುವಾಗ, ನಿಜ ತಾನೆ, ಉಪ್ಪೂ ಎಲ್ಲೂ ಹೋಗಿಲ್ಲ, ನಾನೇನು ಕದ್ದು ಮಾರಿದೆನಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಹಿಂದೆ ಹೋಗಿ ಪೊರಕೆ ಹಿಡಿದಾಗ ಆ ಸಮಾಧಾನಕ್ಕೇ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮೇಡಂ ಒಬ್ಬ ಹೆಂಗಸನ್ನು ಕೆಳಗೆ ಕರೆದುಕೊಂಡು ಬಂದರು. ಐವತ್ತು ದಾಟಿದ್ದ, ಗಟ್ಟಿ ತೋಳಿನ, ಮುಂಗೈ ತುಂಬ ಎಣ್ಣೆ ಸಿಡಿದ ಹಳೇ ಕಲೆಗಳಿದ್ದ ಹೆಂಗಸು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯಾಕೆ. ಕಲ್ಲುಪ್ಪು ತಂದುಕೊಟ್ಟ ಗಣಿ ಕೆಲಸಗಾರನ ಮಗಳು ಇವರೇ ಎಂದು ಮೇಡಂ ಪರಿಚಯ ಮಾಡಿಸಿದಾಗ ಮಾಮ ಗಾಜಿನ ಡಬ್ಬಿಗೆ ಅಡ್ಡ ನಿಂತ.

ಆಕೆ ಮಾತುಗಾರ್ತಿ. ಮೊನ್ನೆ ಮೊನ್ನೆ ಒಂದು ಕೆಟ್ಟ ಜ್ವರ ಬಂದುಹೋಯಿತಂತೆ. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ರುಚಿ ತಿಳಿಯದ ಅಡುಗೆಯವಳನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಒಲೆ ಬಿಡಿಸಿ ತರಕಾರಿ ಹೆಚ್ಚಲು ಕೂರಿಸಿದ್ದಾರೆ. ಈಗ ಒಂದು ವಾರದಿಂದ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತಿದೆ ಅನ್ನಿಸುತ್ತಿದೆ, ಆದರೆ ಅದು ನಿಜವೋ, ಬರಲಿ ಅನ್ನುವ ಆಸೆಗೆ ಹಾಗನ್ನಿಸುತ್ತಿದೆಯೋ ಗೊತ್ತಾಗುತ್ತಿಲ್ಲ. ಒಲೆಗೆ ವಾಪಸ್ ಬರುತ್ತೀಯೋ, ಬೇರೆಯವರನ್ನು ಹಾಕಲೋ ಎಂದು ನಾಳೆ ಮ್ಯಾನೇಜರಿಗೆ ಉತ್ತರ ಕೊಡಬೇಕು. ಚಿಕ್ಕಂದಿನಲ್ಲಿ ಅಪ್ಪ ಗಣಿಯಿಂದ ಬಂದಾಗ ಅವರ ಕೈ ನೆಕ್ಕಿ ನಗುತ್ತಿದ್ದ ರುಚಿ ಒಂದಿದೆ, ಅದು ಗೊತ್ತಾದರೆ ನಾಲಿಗೆ ಬಂತು ಅಂತಲೇ ಲೆಕ್ಕ. ಅದಕ್ಕೇ ಬಂದೆ ಎಂದರು.

ಮಾಮ ಗೊಣಗುವ ಹಾಗೆ, ಡಬ್ಬಿ ತೆಗೆಯುವಂತಿಲ್ಲ, ರೂಲ್ಸು ಎಂದ.

“ರೂಲ್ಸ್ ಮಾಡಿದ್ದು ನೀವೇ ಅಲ್ವಾ, ಇವತ್ತು ಮುರೀರಿ” ಎಂದು ಮೇಡಂ ನಕ್ಕರು. “ಇವರಿಗಲ್ಲದೆ ಇನ್ಯಾರಿಗೆ?” ಅಷ್ಟು ಹೇಳಿ ಫೋನು ಬಂತೆಂದು ಮೇಲೆ ಹೋದರು.

ಮಾಮ ಗಾಜು ಎತ್ತಿದ. ಆಕೆ ಬಗ್ಗಿ ನೋಡಿ, ನಾನು ನೋಡಿದಾಗ ಇಷ್ಟು ಬೆಳ್ಳಗೆ ಇರಲಿಲ್ಲ ಎಂದರು.

“ತೊಳೆದೆ ಅಕ್ಕ” ಎಂದ ಮಾಮ. ಇಷ್ಟು ದಿನದಲ್ಲಿ ಅವನ ಬಾಯಿಂದ ಬಂದ ಒಂದೇ ಒಂದು ನಿಜ, ಅದೂ ಸುಳ್ಳಿನ ಕೆಲಸಕ್ಕೇ ಒದಗಿತು.

ಆಕೆ ಬೆರಳು ನೀರಿಗೆ ಅದ್ದಿ, ಕಲ್ಲಿಗೆ ಉಜ್ಜಿ, ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಕಾದರು. ಮತ್ತೆ ಉಜ್ಜಿದರು, ಜೋರಾಗಿ. ಆಮೇಲೆ ಯಾರ ಹಂಗೂ ಬೇಡವೆಂದು ಬಗ್ಗಿ ನಾಲಿಗೆಯನ್ನೇ ಕಲ್ಲಿಗೆ ತಾಗಿಸಿದರು. ಬೆಣಚುಕಲ್ಲಿಗೆ ಏನು ರುಚಿ ಇರುತ್ತದೆ? ಗಾಜು ನೆಕ್ಕಿದ ಹಾಗೆ. ತಲೆ ಎತ್ತಿದಾಗ ಅವರ ಮುಖ ನೋಡುವ ಧೈರ್ಯ ಮಾಮನಿಗೆ ಆಗಲಿಲ್ಲ.

“ಹೋಯ್ತು ಬಿಡಿ ಅಣ್ಣ” ಎಂದರು ಆಕೆ, ಮೆಲ್ಲಗೆ. “ಬರ್ತಿದೆ ಅಂದ್ಕೊಂಡಿದ್ದೆಲ್ಲ ಬರೀ ಭ್ರಮೆ. ಒಳ್ಳೇದೇ ಆಯ್ತು, ನಾಳೆ ಹೋಗಿ ಒಲೆ ಬೇರೆಯವರಿಗೆ ಕೊಡಿ ಅಂತ ಹೇಳ್ಬಿಡ್ತೀನಿ. ಆಸ್ಪತ್ರೆ ಜನಕ್ಕೆ ಉಪ್ಪು ಹೆಚ್ಚು ಕಮ್ಮಿ ಹಾಕಿ ಪಾಪ ಯಾಕೆ ಕಟ್ಕೊಳ್ಳಲಿ?”

ಮಾಮ ಏನು ಮಾಡಿದ? ಒಂದು ಲೋಟ ನೀರು ಕೊಟ್ಟ. ಅಷ್ಟೇ ಮಾಡಿದ. ಆಕೆ ನೀರು ಕುಡಿದು, ಸೆರಗಿನಿಂದ ಕಲ್ಲನ್ನು ಒರೆಸಿ, ಎಂಜಲಾಯ್ತು ಕ್ಷಮಿಸಿ ಎಂದು ಅವನ ಹತ್ತಿರ ಕೇಳಿಕೊಂಡು ಹೊರಟುಹೋದರು. ಹೂವಿನ ಪಾತಿಯ ಕಲ್ಲಿಗೆ, ಅವನ ಹತ್ತಿರ, ಆಕೆ ಕ್ಷಮೆ ಕೇಳಿದರು.

ಗಾಜಿನ ಡಬ್ಬಿ ಇನ್ನೂ ಅವನ ಕೈಯಲ್ಲಿತ್ತು. ಕವುಚಲು ಹೋದ. ಡಬ್ಬಿ ಕಲ್ಲಿನ ಅಂಚಿಗೆ ಠಣ್ಣೆಂದು ತಾಗಿತು. ಅಲ್ಲಿಯೇ ಇಟ್ಟು ಹೊರಗೆ ಓಡಿದ. ಓಡಿದ ಅನ್ನುವುದು ಮರ್ಯಾದೆಗೆ, ಆ ಮೊಣಕಾಲಿಗೆ ಅದು ಕುಂಟುವುದೇ. ಗೇಟು ದಾಟಿ, ಹಣ್ಣಿನಂಗಡಿ ದಾಟಿ ಬರುವಷ್ಟರಲ್ಲಿ ಬಸ್ಸು ಬಂದು, ಆಕೆ ಹತ್ತಿ, ಬಸ್ಸು ಹೊರಟೇಬಿಟ್ಟಿತ್ತು. ಮಾಮ ಪಕ್ಕಕ್ಕೆ ಹೋಗಿ ಬಸ್ಸಿನ ತಗಡಿಗೆ ಎರಡು ಸಲ ಬಲವಾಗಿ ಬಡಿದು, ಹಳೇ ಗಂಟಲಿನಲ್ಲಿ “ಹೋಲ್ಡಾನ್” ಎಂದು ಕೂಗಿದ. ಒಳಗಿದ್ದ ಡ್ರೈವರಿನ ಕಾಲು ಯೋಚನೆಯೇ ಮಾಡದೆ ಬ್ರೇಕು ತುಳಿಯಿತು.

ಬಸ್ಸಿನ ಕಂಡಕ್ಟರ್ ಇಳಿದು, ಯಾರ್ರೀ ನೀವು ಎಂದು ಜಗಳಕ್ಕೆ ಬಂದ. ಮಾಮ ಅವನ ಕಡೆ ನೋಡಲಿಲ್ಲ. ಕಿಟಕಿಯಲ್ಲಿ ಆಕೆಯ ಮುಖ ಕಂಡಿತು. ಬಸ್ಸು ತುಂಬ ಜನ ಕತ್ತು ಚಾಚಿ ನೋಡುತ್ತಿದ್ದರು.

“ಅಕ್ಕಾ, ನಿಮ್ಮ ನಾಲಿಗೆ ಸರಿಯಾಗಿದೆ” ಎಂದ ಏದುಸಿರಿನಲ್ಲಿ. “ಅದು ಉಪ್ಪಲ್ಲ. ನಿಮ್ಮಪ್ಪನ ಕಲ್ಲನ್ನ ನಾನು ನೀರಲ್ಲಿ ತೊಳೆದು ಕರಗಿಸ್ಬಿಟ್ಟೆ. ಅಲ್ಲಿಟ್ಟಿರೋದು ಹೂವಿನ ಪಾತಿ ಅಂಚಿನ ಕಲ್ಲು.”

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಇಷ್ಟು ದಿನ ಹೆದರಿದ್ದ ನಗು ಅದೇ. ಬಂದೇ ಬಂತು, ಕಿವಿಯ ತುದಿ ಕಾದ ಹಂಚಿನ ಹಾಗಾಯಿತು, ಆದರೂ ಅವನು ನಿಂತೇ ಇದ್ದ. ಆಕೆ ನಗಲಿಲ್ಲ. ಇಳಿದು ಬಂದರು. ಬಸ್ಸು ಹೋಯಿತು.

ಆಕೆ ಸ್ಟಾಪಿನ ಬೆಂಚಿನ ಮೇಲೆ ಕೂತರು. ಮಾಮ ಕೂರಲಿಲ್ಲ. ಸುಣ್ಣ, ತೊಟ್ಟಿ, ರಜೆ, ಡಬ್ಬಿ, ಚಪ್ಪಾಳೆ, ಎಲ್ಲವನ್ನೂ ನಿಂತೇ ಹೇಳಿದ.

“ಕಲ್ಲು ಹೋಯ್ತು ಅಂತ ಬೇಜಾರು ಆಮೇಲೆ ಮಾಡ್ಕೊತೀನಿ” ಎಂದರು ಆಕೆ ಕೊನೆಗೆ. “ನಾನು ಅಲ್ಲಿ ನಿಂತು ನಾಲಿಗೆ ಸತ್ತುಹೋಯ್ತು ಅಂತ ಒಪ್ಕೊಂಡಾಗ ನೀವು ನೀರು ಕೊಟ್ರಲ್ಲ ಅಣ್ಣ. ಅದು ಹೆಂಗೆ ಕೊಟ್ರಿ?”

 

ಆಮೇಲೆ ಆಕೆ, ಆ ನೀರು ಎಲ್ಲಿ ಚೆಲ್ಲಿದಿರಿ ಎಂದು ಕೇಳಿದರು. ಅವನು ಕಟ್ಟಡದ ಹಿಂದೆ ಕರೆದುಕೊಂಡು ಹೋದ. ಅಂದು ಒಣ ಹವೆ. ಬೆಳಗ್ಗೆ ಗುಡಿಸದೇ ಬಿಟ್ಟಿದ್ದರಿಂದ ಮೆಟ್ಟಿಲು ಬೆಳ್ಳಗೆ ಮಿನುಗುತ್ತಿತ್ತು. ಆಕೆ ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಕೆರೆದು, ಬೆರಳ ತುದಿಯ ಬಿಳಿಯನ್ನು ಒಂದು ಗಳಿಗೆ ನೋಡಿ ನಾಲಿಗೆಗೆ ಇಟ್ಟುಕೊಂಡರು.

ಮಾಮ ಪೊರಕೆಯ ಪಕ್ಕ ಪೊರಕೆಯ ಹಾಗೆ ನಿಂತಿದ್ದ.

ಆಕೆ ಒಮ್ಮೆ ಚಪ್ಪರಿಸಿದರು. ಮತ್ತೆ ಕೆರೆದರು, ಮತ್ತೆ ನೋಡಿದರು. ಹುಬ್ಬು ಗಂಟಿಕ್ಕಿತು.

“ಸೋಪು ಹಾಕಿದ್ರಾ?”

“ಹಾಕಿದ್ದೆ.”

“ಉಪ್ಪಿನ ಹಿಂದೆ ಬರ್ತಿದೆ, ಸಣ್ಣಗೆ.” ಆಕೆಯ ಕಣ್ಣು ತುಂಬಿತ್ತು, ಬಾಯಿ ಮಾತ್ರ ಅಡುಗೆಮನೆಯ ಯಜಮಾನಿಯದು. “ನಮ್ಮಪ್ಪನ ಕಲ್ಲಿಗೆ ಸೋಪು ಹಾಕಿ ತೊಳೆದಿದ್ದೀರ. ಆ ಮನುಷ್ಯನೇ ಯಾವತ್ತೂ ಸೋಪು ಮುಟ್ಟಿದವನಲ್ಲ.”

ಎದ್ದು ನಿಂತು ಸೀರೆ ಕೊಡವಿಕೊಂಡರು. ನಾಳೆ ಒಲೆಗೆ ಹೋಗುತ್ತೇನೆ ಎಂದರು, ಅವನಿಗಲ್ಲ, ಮೆಟ್ಟಿಲಿಗೆ ಹೇಳಿದ ಹಾಗೆ. ಪರವಾಗಿಲ್ಲ ಬಿಡಿ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ, ಮಾಮನೂ ಅದನ್ನು ನಿರೀಕ್ಷಿಸಲಿಲ್ಲ. ಹೋಗುವಾಗ ಎರಡು ಮಾತು ಹೇಳಿದರು. ಇದನ್ನು ಇನ್ನು ಮೇಲೆ ಗುಡಿಸಬೇಡಿ. ಮೇಡಂಗೆ ನಾನು ಹೇಳುವುದಿಲ್ಲ, ನೀವೇ ಹೇಳಿ.

ಅವತ್ತು ಮಾಮ ಬೆಣಚುಕಲ್ಲನ್ನು ಕೈಯಲ್ಲಿ ಹಿಡಿದು, ಅರ್ಧಕ್ಕೆ ಬಿಟ್ಟಿದ್ದ ಆ ಮೆಟ್ಟಿಲುಗಳನ್ನು ಪೂರ್ತಿ ಹತ್ತಿದ. ಮೇಡಂ ಬೈದರು, ಬೈದ ಮೇಲೆ ಅವರು ಹೊಡೆಸಿದ ಚಪ್ಪಾಳೆ ನೆನಪಾಗಿ ಮತ್ತಷ್ಟು ಬೈದರು. ಕಾವಲುಗಾರರಂತೂ ಅವನಿಗೆ ದೋಬಿ ಎಂದೇ ಹೆಸರಿಟ್ಟರು. ಮನೆಯಲ್ಲಿ ಹೆಂಡತಿ ವಿಷಯ ಕೇಳಿ, ಉಪ್ಪಿನ ಡಬ್ಬಿಯನ್ನು ಸದ್ದಿಲ್ಲದೆ ಅವನ ತಟ್ಟೆಯ ಪಕ್ಕ ಇಟ್ಟಳು.

ಈಗ ಎರಡನೇ ಕಪಾಟಿನ ಕೊನೆಯ ಜಾಗ ಖಾಲಿ. ಅಲ್ಲಿಗೆ ಬಂದಾಗ ಮಾಮ ಮಕ್ಕಳನ್ನು ಸಾಲಾಗಿ ಹಿಂಬಾಗಿಲಿಗೆ ಕರೆದುಕೊಂಡು ಹೋಗುತ್ತಾನೆ. ಕಲ್ಲನ್ನು ಕಲ್ಲೇ ಒಡೆಯುತ್ತಿರುವುದನ್ನು, ಉದುರಿದ ಮರಳನ್ನು, ಮೇಲೆದ್ದ ಬಿಳಿಯನ್ನು ತೋರಿಸುತ್ತಾನೆ. ಇಲ್ಲಿ ಉಪ್ಪು ಹೇಗೆ ಬಂತು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಅವನ ದೊಡ್ಡ ಗಂಟಲು ಸಣ್ಣದಾಗುತ್ತದೆ.

“ಒಬ್ಬ ತೊಳೆದ” ಎನ್ನುತ್ತಾನೆ. ಸ್ವಲ್ಪ ತಡೆದು, ಚಪ್ಪಲಿಯ ಉಂಗುಷ್ಟ ನೋಡುತ್ತ, “ನಾನೇ.”

ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವರು ನಕ್ಕು ಮುಗಿಸುವವರೆಗೆ ಅವನು ಕೆಂಪು ಕಿವಿ ಹೊತ್ತು ನಿಂತಿರುತ್ತಾನೆ. ಆಮೇಲೆ ಬಾಗಿಲ ಕಡೆ ಕೈ ತೋರಿಸಿ, ಮುಂದೆ ಹೋಗಿ, ಒಳಗೆ ಜಾಗ ಇದೆ ಎನ್ನುತ್ತಾನೆ.